ಹದಿನಾರು ಮನೆಯ ವೀಳ್ಯ

ಸಾವಿರದ ಒಂಬೈನೂರ ನಲವತ್ತೇಳು, ಫೆಬ್ರವರಿ ಹತ್ತು, ಸೋಮವಾರ. ಮಧ್ಯಾಹ್ನ ಎರಡೂ ಹತ್ತಕ್ಕೆ ಈ ಪತ್ರಿಕೆಗೆ ಬರೆಯಲು ಕೂತೆ. ಗಂಡಸರು ಹೊಲದಲ್ಲಿದ್ದಾರೆ. ಅತ್ತೆಯವರು ನಡುಮನೆಯಲ್ಲಿ ಒರಗಿದ್ದಾರೆ. ಅವರು ಏಳುವವರೆಗೆ ಈ ಹೊತ್ತು ನನ್ನದು.

ದಿನಚರಿ ಬರೆಯುವ ಅಭ್ಯಾಸ ನನಗೆ ತವರಿನಲ್ಲೇ ಅಂಟಿತ್ತು. ದಿನಾ ಬೆಳಿಗ್ಗೆ, ಯಾರೂ ಕೊಡ ಇಳಿಸುವ ಮುಂಚೆ, ಬಾವಿಗೆ ಇಣುಕಿ ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತಿವೆ ಎಂದು ಎಣಿಸಿ ಬರೆಯುತ್ತಿದ್ದೆ. ಮಳೆ ಬಿದ್ದ ದಿನ, ಹಸು ಕರು ಹಾಕಿದ ದಿನ, ಬಾವಿಯ ಹಗ್ಗ ಬದಲಾಯಿಸಿದ ದಿನ, ಎಲ್ಲಕ್ಕೂ ತಾರೀಖು ಇತ್ತು. ಅಪ್ಪ ನನ್ನನ್ನು "ನಮ್ಮನೆ ಶಾನುಭೋಗ" ಎಂದು ಕರೆಯುತ್ತಿದ್ದರು. ಈ ಎಣಿಕೆಯಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಒಂದೇ ಒಂದು ದಿನ ಅದು ಉಪಯೋಗಕ್ಕೆ ಬಂತು. ಅದು ನನ್ನ ಮದುವೆಯ ದಿನ, ಹೋದ ವರ್ಷದ ವೈಶಾಖದಲ್ಲಿ.

ನನ್ನ ತವರು ಮತ್ತಿಗಿರಿಗೆ ಹತ್ತಿರದ ಒಂದು ಹಳ್ಳಿ. ನಮ್ಮ ಕುಲದ ಹದಿನಾರು ಮನೆಗಳು ಆ ಸುತ್ತಿನ ಹಳ್ಳಿಗಳಲ್ಲಿ ಹರಡಿಕೊಂಡಿವೆ. ಹೆಣ್ಣನ್ನು ಧಾರೆ ಎರೆಯುವ ಮುಂಚೆ ಹದಿನಾರು ಮನೆಯ ಯಜಮಾನರಿಗೂ ವೀಳ್ಯ ಕೊಡಬೇಕು. ಅವರು ಎಲೆ ಅಡಿಕೆ ಇಸಕೊಂಡರೆ ಮದುವೆಗೆ ಒಪ್ಪಿಗೆ ಕೊಟ್ಟ ಹಾಗೆ. ಕೊಡುವಾಗ ಮನೆಗಳ ಹಿರಿತನದ ಸಾಲು ತಪ್ಪಬಾರದು. ತಪ್ಪಿದರೆ ಹಿಂದೆ ಬಿದ್ದ ಮನೆಯವರು ಎಲೆ ಮುಟ್ಟದೆ ಎದ್ದು ಹೋಗುತ್ತಾರೆ. ಒಬ್ಬರು ಎದ್ದು ಹೋದರೂ ಧಾರೆ ನಡೆಯುವಂತಿಲ್ಲ.

ಈ ಸಾಲನ್ನು ಯಾರೂ ಬರೆದಿಟ್ಟಿರಲಿಲ್ಲ. ನಮ್ಮ ಕುಲದಲ್ಲಿ ಒಬ್ಬರು ಹಿರಿಯರು ಇದ್ದರು. ಅವರು ಕಣ್ಣು ಮುಚ್ಚಿಕೊಂಡು ಹದಿನಾರು ಮನೆಯ ಹೆಸರನ್ನೂ ಕೂಗುತ್ತಿದ್ದರು. ಯುದ್ಧದ ನಡುವೆ ಅವರು ತೀರಿಕೊಂಡರು. ಆ ವರ್ಷಗಳಲ್ಲಿ ಅಕ್ಕಿ ಸಿಗದೆ ಮದುವೆಗಳೆಲ್ಲ ಚಿಕ್ಕವಾಗಿದ್ದವು. ನಾಲ್ಕು ಮನೆ ಕರೆದರೆ ಹೆಚ್ಚು, ಐದು ಕರೆದರೆ ಬಹಳ. ಹೀಗಾಗಿ ಪೂರಾ ಸಾಲು ಯಾರ ತಲೆಯಲ್ಲೂ ಉಳಿಯಲಿಲ್ಲ. ಆದರೆ ಯಾವ ಎರಡು ಮನೆಯನ್ನು ತೆಗೆದುಕೊಂಡರೂ, ಆ ಎರಡೂ ಒಟ್ಟಿಗೆ ಹೋಗಿದ್ದ ಮದುವೆ ಒಂದಾದರೂ ಇತ್ತು. ಅಲ್ಲಿ ಯಾರು ಮೊದಲು ಎಲೆ ಇಸಕೊಂಡರು ಎಂಬುದನ್ನು ಮಾತ್ರ ಯಾರೂ ಮರೆತಿರಲಿಲ್ಲ.

ಯುದ್ಧ ಮುಗಿದ ಮೇಲೆ ಹದಿನಾರು ಮನೆಯನ್ನೂ ಕರೆದ ಮೊದಲ ಮದುವೆ ನನ್ನದು. ಅಕ್ಕಿ ಆಗಲೂ ರೇಷನ್ನೇ. ಮನೆಗೊಬ್ಬರು ಬರುವುದು, ಮುದ್ದೆ ಉಣ್ಣುವುದು ಎಂದು ಮೊದಲೇ ಮಾತಾಗಿತ್ತು. ಗಂಡಿನ ಕಡೆಯವರು ಉದ್ದನಪಲ್ಲಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಲಗ್ನ ಹನ್ನೊಂದೂವರೆಯ ಒಳಗೆ.

ನನ್ನ ಕೈಗೆ ಕಂಕಣ ಕಟ್ಟಿ, ಹಣೆಗೆ ಬಾಸಿಂಗ ಬಿಗಿದು, ಒಳಗಿನ ಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿದ್ದರು. ಕರೆಯುವವರೆಗೆ ಏಳುವಂತಿಲ್ಲ, ಹೊಸಿಲು ದಾಟುವಂತಿಲ್ಲ. ಕೋಣೆಗೆ ಒಂದೇ ಕಿಟಕಿ, ಅದಕ್ಕೆ ಮರದ ಸರಳು. ಸರಳಿನಾಚೆ ಚಪ್ಪರ. ಬಾಸಿಂಗದ ದಾರ ಕಿವಿಯ ಹಿಂದೆ ಕೊರೆಯುತ್ತಿತ್ತು. ಅಮ್ಮ ಒಲೆಯ ಹತ್ತಿರ ಇದ್ದರು. ನನ್ನ ಜೊತೆಗೆ ಅಮ್ಮನ ತಂಗಿ, ನನ್ನ ಚಿಕ್ಕವ್ವ, ಬೀಸಣಿಗೆ ಹಿಡಿದು ಕೂತಿದ್ದಳು.

ನನಗೆ ಹೋಗಲು ಮನಸ್ಸಿರಲಿಲ್ಲ. ಗಂಡಿನ ಮೇಲೆ ಕೋಪವೇನೂ ಇರಲಿಲ್ಲ. ಅವರನ್ನು ಒಂದೇ ಸಲ ನೋಡಿದ್ದೆ, ಅದೂ ಮೊಣಕಾಲಿನವರೆಗೆ. ಆ ಮನೆಯಲ್ಲಿ ಬಾವಿ ಎಲ್ಲಿದೆ, ಬೆಳಗ್ಗೆ ಅದರ ಹತ್ತಿರ ಯಾರು ಹೋಗುತ್ತಾರೆ ಎಂಬುದು ಗೊತ್ತಿರಲಿಲ್ಲ. ಕೇಳುವ ಪ್ರಶ್ನೆಯೂ ಅದಲ್ಲ.

ಹೊರಗೆ ಸಾಲು ಮಾಡುವ ಕೆಲಸ ನನ್ನ ಸೋದರಮಾವನ ಪಾಲಿಗೆ ಬಂದಿತ್ತು. ಮಾವ ಹದಿನಾರು ಯಜಮಾನರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿದರು. ತಲೆಯಿಂದ ಶುರುಮಾಡಿ ಪಕ್ಕಪಕ್ಕದ ಇಬ್ಬರನ್ನು ಕೇಳುವುದು, ಹಿಂದಿನವರು ಹಿರಿಯ ಮನೆಯವರಾದರೆ ಇಬ್ಬರ ಜಾಗ ಬದಲಾಯಿಸುವುದು, ಮುಂದಿನ ಜೋಡಿಗೆ ಹೋಗುವುದು. ಹೀಗೆ ಬಾಲದವರೆಗೆ ಹೋದರೆ ಎಲ್ಲರಿಗಿಂತ ಕಿರಿಯ ಮನೆ ತಳ್ಳಿಸಿಕೊಂಡು ತಳ್ಳಿಸಿಕೊಂಡು ಕೊನೆಗೆ ಬಂದು ನಿಲ್ಲುತ್ತದೆ. ಅದು ಗಟ್ಟಿ. ಮತ್ತೆ ತಲೆಯಿಂದ ಶುರು. ಎರಡನೇ ಸುತ್ತಿಗೆ ಅದರ ಮುಂದಿನ ಮನೆ ಗಟ್ಟಿ. ಒಂದು ಸುತ್ತಿಗೆ ಒಂದು ಮನೆ.

"ನಿಮ್ಮಾವ ಕೋಳಿಮರಿ ಸಾಲು ನಿಲ್ಲಿಸ್ದಂಗೆ ನಿಲ್ಲಿಸ್ತಾವ್ನೆ" ಎಂದಳು ಚಿಕ್ಕವ್ವ. "ಒಂದನ್ನ ಹಿಡಿಯೋ ಹೊತ್ಗೆ ಇನ್ನೊಂದು ಓಡೋಯ್ತದೆ."

ನನ್ನ ಪಕ್ಕದಲ್ಲೇ ಎಲೆ ಅಡಿಕೆಯ ತಟ್ಟೆ ಇತ್ತು. ಹೊರಗೆ ಮಾವ ಕೂಗುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ತಟ್ಟೆಯಿಂದ ಹದಿನಾರು ಅಡಿಕೆ ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟೆ. ಅವರು ಜಾಗ ಬದಲಾಯಿಸಿದಾಗ ನಾನೂ ಬದಲಾಯಿಸುತ್ತಿದ್ದೆ.

ನಾಲ್ಕು ಸುತ್ತಿಗೆ ಬಾಲದ ನಾಲ್ಕು ಮನೆ ಗಟ್ಟಿಯಾದವು. ಐದನೇ ಸುತ್ತಿನಲ್ಲಿ ತಲೆಯ ಕಡೆ ಜಗಳ ಬಿತ್ತು. ಅಲ್ಲಿ ಮೂರು ಮನೆ ಒಂದರ ಹಿಂದೆ ಒಂದು ನಿಂತಿದ್ದವು. ಮುಂದೆ ಬಾವಿಮನೆ, ಅದರ ಹಿಂದೆ ಗಾಣದ ಮನೆ, ಅದರ ಹಿಂದೆ ಹುಣಸೆಮರದ ಮನೆ. ಹುಣಸೆಮರದ ಮನೆಯ ಅಜ್ಜ ತಲೆ ಎತ್ತಿ ನೋಡಿ ಕೂಗಿದ.

"ಬಾವಿಮನೆಯೋನು ನನ್ನ ಮುಂದೆ ಎಂಗ್ಲಾ ನಿಂತ? ಹೊಸೂರು ಮದ್ವೇಲಿ ಅವನಿಗಿಂತ ಮೊದ್ಲು ಎಲೆ ಇಸ್ಕಂಡೋನು ನಾನು!"

ಬಾವಿಮನೆಯ ಯಜಮಾನ ತಿರುಗಿ ನಿಂತ. "ಅವತ್ತು ನಿನ್ಗೆ ಇದ್ದಿಲು ಬಸ್ಸು ಹೋಗ್ಬುಡ್ತದೆ ಅಂತ ಮೊದ್ಲು ಕೊಟ್ರು. ಬಸ್ಸಿಗೆ ಕೊಟ್ಟಿದ್ದು ಕಣ್ಲಾ ಅದು, ನಿನ್ನ ಮನೆತನಕ್ಕಲ್ಲ."

"ಬಸ್ಸಿಗೆ ಕೊಟ್ಟಿದ್ರೆ ಡ್ರೈವರು ಇಸ್ಕತಿದ್ದ. ಇಸ್ಕಂಡೋನು ನಾನು!"

ಚಪ್ಪರದಲ್ಲಿ ನಗು ಎದ್ದಿತು. ಅಜ್ಜ ನಗಲಿಲ್ಲ. ಹೆಗಲ ಮೇಲಿನ ಟವಲು ಕೊಡವಿ, ಎದ್ದು ಹೋಗುವ ಸೂಚನೆ ಕೊಟ್ಟ. ಆ ಹೊಸೂರಿನ ಮದುವೆಗೆ ನಾನೂ ಹೋಗಿದ್ದೆ. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ರಸ್ತೆಯಲ್ಲಿ ಹಾರನ್ ಹೊಡೆಯುತ್ತಿತ್ತು. ಯಾರೋ ಅವಸರದಲ್ಲಿ ಅಜ್ಜನ ಕೈಗೆ ಮೊದಲು ಎಲೆ ತುರುಕಿದ್ದನ್ನು ನೋಡಿದ್ದೆ. ಬಾವಿಮನೆಯವರು ಹೇಳಿದ್ದೇ ನಿಜ. ಆದರೆ ಅದನ್ನು ಹತ್ತು ಜನರ ಎದುರು ಯಾರಾದರೂ ಗಟ್ಟಿಯಾಗಿ ಒಪ್ಪಿದರೆ ಅಜ್ಜ ಊರು ಬಿಟ್ಟೇ ಹೋಗುತ್ತಾನೆ. ಮಾವನಿಗೂ ಅದು ಗೊತ್ತಿತ್ತು. ಅಜ್ಜನನ್ನು ಕೈಹಿಡಿದು ತಂದು ಬಾವಿಮನೆಗಿಂತ ಮುಂದೆ ನಿಲ್ಲಿಸಿ, ಮತ್ತೆ ತಲೆಯಿಂದ ಶುರುಮಾಡಿದರು.

ಈಗ ಹುಣಸೆಮರ, ಬಾವಿ, ಗಾಣ. ಗಾಣದ ಮನೆಯವರು ಬಾಯಿ ತೆರೆದರು. "ನಮ್ ತಂಗಿ ಮದ್ವೇಲಿ ಹುಣಸೆಮರದೋರು ನಮ್ಮ ಹಿಂದೆ ಇಸ್ಕಂಡ್ರು. ಇವತ್ತು ಎಂಗೆ ಮುಂದಕ್ಕೋದ್ರು?" ಅದೂ ನಿಜ. ಗಾಣದವರು ಮುಂದೆ ಬಂದರು. ಈಗ ಗಾಣ, ಹುಣಸೆಮರ, ಬಾವಿ. ಬಾವಿಮನೆಯವರು ಕೂಗಿದರು. "ಗಾಣದೋರು ಯಾವತ್ತು ನಮ್ಮ ಮುಂದಿದ್ರು?" ಅದೂ ನಿಜ. ಬಾವಿಮನೆ ಮುಂದೆ ಬಂತು.

ನಾನು ಬಾವಿಮನೆಯ ಅಡಿಕೆಗೆ ಕುಂಕುಮ, ಗಾಣದ ಮನೆಯದಕ್ಕೆ ಅರಿಶಿನ, ಹುಣಸೆಮರದ್ದಕ್ಕೆ ಸುಣ್ಣ ಹಚ್ಚಿದ್ದೆ. ಚಾಪೆಯ ಮೇಲೆ ಕೆಂಪು, ಹಳದಿ, ಬಿಳಿ. ಶುರುವಿನಲ್ಲಿ ಇದ್ದದ್ದೂ ಅದೇ. ಅಷ್ಟರಲ್ಲಿ ಅಜ್ಜ ಮತ್ತೆ ಕೂಗಿದ, ಅದೇ ಮಾತು. ಮಾವ ಮತ್ತೆ ಅವನನ್ನು ಮುಂದಕ್ಕೆ ತಂದರು. ಬಿಳಿ, ಕೆಂಪು, ಹಳದಿ. ಆಮೇಲೆ ಹಳದಿ, ಬಿಳಿ, ಕೆಂಪು. ಮತ್ತೆ ಕೆಂಪು, ಹಳದಿ, ಬಿಳಿ. ಮೂರನೇ ಸಲವೂ ಅದೇ ಸಾಲು ಬಂದಾಗ ಅಡಿಕೆ ಸರಿಸುವುದನ್ನು ನಿಲ್ಲಿಸಿದೆ.

"ಚಿಕ್ಕವ್ವ, ಇದು ಮುಗಿಯಲ್ಲ."

"ಯಾಕಮ್ಮಿ? ಹಂಗನ್ಬ್ಯಾಡ, ಬಿಡ್ತು ಅನ್ನು."

"ನೋಡಿಲ್ಲಿ. ಗಾಣದ ಎತ್ತು ಸುತ್ತಿದ ಹಾಗೆ ಸುತ್ತುತ್ತಾ ಇದ್ದಾರೆ. ನಾಳೆ ಬೆಳಗಾದರೂ ಇದೇ ಮೂರು ಸಾಲು. ನಾಲ್ಕನೆಯದು ಬರಲ್ಲ."

ಚಿಕ್ಕವ್ವ ಅಡಿಕೆ ನೋಡಿದಳು, ಕಿಟಕಿ ನೋಡಿದಳು, ಬೀಸಣಿಗೆ ಕೆಳಗಿಟ್ಟಳು. ಲಗ್ನ ಮೀರಿಹೋಗುತ್ತಿದೆ ಎಂದು ಹೊರಗೆ ಪುರೋಹಿತರು ತೆಲುಗಿನಲ್ಲಿ ಕೂಗುತ್ತಿದ್ದರು. "ಲಗ್ನಂ ಮಿಂಚಿಪೋತಾ ಉಂದಿ ಗೌಡಾ, ಲಗ್ನಂ ಮಿಂಚಿಪೋತಾ ಉಂದಿ!" ಗಂಡಿನ ಕಡೆಯ ದೊಡ್ಡವರೊಬ್ಬರು ಜೇಬಿನ ಗಡಿಯಾರ ತೆಗೆದು ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ತಮ್ಮ ತಮ್ಮಲ್ಲಿ ಯಾರು ಹಿರೀಕರು ಅಂತ್ಲೇ ತಿಳೀದ ಕುಲದಾಗೆ ಹೆಣ್ಣು ತರ್ತಾ ಇದೀವಲ್ಲಪ್ಪಾ. ಗಾಡಿ ಕಟ್ರಿ ಅಂತೀನಿ."

ಅಪ್ಪ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದು ಸರಳಿನ ನಡುವೆ ಕಾಣಿಸುತ್ತಿತ್ತು. ಗಾಡಿ ತಿರುಗಿದರೆ ನಿಲ್ಲುವುದು ನನ್ನ ಮದುವೆ ಒಂದೇ ಆಗಿರಲಿಲ್ಲ. ನನ್ನ ಹಿಂದೆ ಇಬ್ಬರು ತಂಗಿಯರಿದ್ದರು. ಇಂಥ ಮನೆಯ ಹೆಣ್ಣನ್ನು ಆಮೇಲೆ ಯಾರು ಕೇಳುತ್ತಾರೆ? ಆದರೆ ಗಾಡಿ ತಿರುಗಿದರೆ ನಾಳೆ ಬೆಳಿಗ್ಗೆ ನಾನು ಬಾವಿಯ ಮೆಟ್ಟಿಲು ಎಣಿಸಬಹುದಾಗಿತ್ತು. ಹೊರಗಿನ ಸುತ್ತು ನಿಲ್ಲದಿದ್ದರೆ ನಾನು ಇಲ್ಲೇ. ನಿಂತರೆ ನಾನು ಗಾಡಿಯ ಮೇಲೆ.

ಚಿಕ್ಕವ್ವ ಎದ್ದು ಹೋಗಿ ಅಪ್ಪನನ್ನು ಕಿಟಕಿಗೆ ಕರೆತಂದಳು. ಅಪ್ಪನ ಮುಖ ಸರಳಿಗೆ ತಾಗುವಷ್ಟು ಹತ್ತಿರ ಬಂತು.

"ಏನವ್ವಾ? ಏನೋ ಕಂಡೈತಂತೆ ನಿಂಗೆ?"

ಅಪ್ಪ ನನ್ನನ್ನು ಶಾನುಭೋಗ ಎನ್ನಲಿಲ್ಲ. ಹಾಗಂದಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ನಾನು ಹೇಳಲು ಶುರುಮಾಡಿದೆ.

ಹಿಂದಿನ ದಿನ ಬಳೆಗಾರ ಬಂದಿದ್ದ. ನನಗೆ ಬಳೆ ತೊಡಿಸಿದ ಮೇಲೆ, ಅಳತೆಯ ಪ್ರಕಾರ ಜೋಡಿಸಿದ್ದ ಎರಡು ಅರ್ಧ ಸರದ ಬಳೆಗಳನ್ನು ಒಂದೇ ಸರಕ್ಕೆ ಹಾಕುತ್ತಿದ್ದ. ಅವನು ಎಲ್ಲ ಬಳೆಯನ್ನೂ ಕೆದಕಲಿಲ್ಲ. ಎರಡು ಸರದ ತುದಿಯ ಬಳೆಗಳನ್ನು ಮಾತ್ರ ನೋಡಿದ. ಯಾವುದು ಚಿಕ್ಕದೋ ಅದನ್ನು ತೆಗೆದು ಹೊಸ ಸರಕ್ಕೆ ಹಾಕಿದ. ಮತ್ತೆ ಎರಡು ತುದಿ ನೋಡಿದ. ಒಳಗಿನವು ಆಗಲೇ ಸರಿಯಾಗಿ ಕೂತಿರುವಾಗ ಅವುಗಳನ್ನು ಕೇಳುವುದೇನಿದೆ? ಮನೆಗಳನ್ನೂ ಹಾಗೆಯೇ ಮಾಡಬಹುದು ಎಂದೆ.

ಮೊದಲು ಎರಡೆರಡು ಮನೆಯನ್ನು ಜೋಡಿ ಮಾಡಿ ಒಂದೊಂದು ಮೂಲೆಗೆ ಕಳಿಸುವುದು, ಒಂದು ಜೋಡಿ ಹೊಂಗೆಮರದ ಕೆಳಗೆ, ಒಂದು ಕೊಟ್ಟಿಗೆಯ ಹತ್ತಿರ, ಹೀಗೆ. ಅಲ್ಲಿ ಇಬ್ಬರೇ ಮಾತಾಡಿ ಯಾರು ಮುಂದೆ ಎಂದು ಒಪ್ಪಿಕೊಂಡು ಬರಲಿ. ಎಂಟು ಜೋಡಿಯೂ ಒಂದೇ ಹೊತ್ತಿನಲ್ಲಿ ಮುಗಿಯುತ್ತವೆ. ಆಮೇಲೆ ಎರಡು ಜೋಡಿ ಎದುರುಬದುರು ನಿಲ್ಲಲಿ. ತಲೆಯಲ್ಲಿರುವ ಇಬ್ಬರು ಮಾತ್ರ ಮಾತಾಡಲಿ. ಗೆದ್ದವರು ಹೊಸ ಸಾಲಿಗೆ ಹೋಗಲಿ, ಅವರ ಹಿಂದಿನವರು ತಲೆಗೆ ಬರಲಿ. ಒಂದು ಕಡೆ ಮುಗಿದರೆ ಇನ್ನೊಂದು ಕಡೆಯಲ್ಲಿ ಉಳಿದವರು ಇದ್ದ ಹಾಗೇ ಬಾಲಕ್ಕೆ ಸೇರಲಿ. ನಾಲ್ಕು ಮನೆಯ ನಾಲ್ಕು ಸಾಲಾಗುತ್ತದೆ. ಎರಡೆರಡು ಸೇರಿದರೆ ಎಂಟರ ಎರಡು ಸಾಲು. ಅವೆರಡೂ ಸೇರಿದರೆ ಹದಿನಾರು.

"ಒಂದು ಕಟ್ಟು ಹಾಕಬೇಕಪ್ಪ" ಎಂದೆ. "ಪ್ರತಿಯೊಬ್ಬರೂ ತಮ್ಮ ಮುಂದೆ ನಿಂತವರ ಬಗ್ಗೆ ಮಾತ್ರ ಮಾತಾಡಬೇಕು. ಅವರಿಗಿಂತ ಮುಂದಿನವರು ಅವರ ಪಾಲು."

ಜೋಡಿಗಳನ್ನು ನಾನೇ ಹೇಳಿದೆ. ಗಾಣದ ಮನೆಗೆ ಹುಣಸೆಮರದ ಮನೆ. ಬಾವಿಮನೆಗೆ, ಆ ಮೂರಕ್ಕೂ ಕಿರಿಯ ಮನೆಯಾದ ಹೊಸಮನೆ. ಈ ಎರಡು ಜೋಡಿ ಮೊದಲು ಸೇರಬೇಕು ಎಂದೂ ಹೇಳಿದೆ.

ಮಾವ ಕೇಳಿ ಸಿಟ್ಟಾದರು. "ಹಸೆಗೆ ಬರೋ ಹೆಣ್ಣು ಚಪ್ಪರದ ಯಜಮಾನಿಕೆ ಮಾಡ್ತಾಳಾ ಭಾವ?"

"ನೀನು ಮಾಡ್ದಲ್ಲಣ್ಣ ಇಷ್ಟೊತ್ತು" ಎಂದಳು ಚಿಕ್ಕವ್ವ, ಹೊಸಿಲಲ್ಲೇ ನಿಂತು. "ಮೂರ್ ಜನಾನ ಮೂರ್ ಸಲ ತಿರುಗ್ಸಿದ್ಯಲ್ಲ, ತಲೆ ಸುತ್ತಿಲ್ವಾ ನಿಂಗೆ?"

ಅಪ್ಪ "ಅವಳಂದಂಗೆ ಮಾಡು" ಎಂದರು, ಅಷ್ಟೇ.

ಎಂಟು ಮೂಲೆಗೆ ಎಂಟು ಜೋಡಿ ಹೋದವು. ಚಪ್ಪರ ಒಂದೇ ಸಲಕ್ಕೆ ತಣ್ಣಗಾಯಿತು. ಸುತ್ತ ಕಿವಿಗಳಿಲ್ಲದಾಗ ಗಂಡಸರು ಬೇಗ ಒಪ್ಪುತ್ತಾರೆ ಎಂಬುದನ್ನು ಅವತ್ತು ಕಂಡೆ. ಹುಣಸೆಮರದ ಅಜ್ಜ ಕೊಟ್ಟಿಗೆಯ ಹತ್ತಿರದಿಂದ ಗಾಣದವರ ಹೆಗಲ ಮೇಲೆ ಕೈ ಹಾಕಿಕೊಂಡು ಬಂದ. "ನಿಮ್ ತಂಗಿ ಮದ್ವೇಲಿ ನೀವೇ ಮುಂದೆ, ಅದ್ರಾಗೇನೈತೆ" ಎಂದು ತಾನೇ ಹೇಳಿ ಹಿಂದೆ ನಿಂತ. ಆಮೇಲೆ ಬಾವಿಮನೆಯ ಜೋಡಿ ಎದುರು ಬಂತು. ತಲೆಯಲ್ಲಿ ಬಾವಿಮನೆ, ಈ ಕಡೆ ತಲೆಯಲ್ಲಿ ಗಾಣದ ಮನೆ. ಗಾಣದವರು ಬಾವಿಮನೆಗೆ ದಾರಿ ಬಿಟ್ಟರು. ಬಾವಿಮನೆ ಹೊಸ ಸಾಲಿಗೆ ಹೋಯಿತು, ಅದರ ಹಿಂದೆ ಹೊಸಮನೆಯನ್ನು ದಾಟಿ ಗಾಣದ ಮನೆಯೂ ಹೋಯಿತು. ಅಜ್ಜ ತಲೆಗೆ ಬರುವ ಹೊತ್ತಿಗೆ ಬಾವಿಮನೆಯವರು ಎದುರಿಗೆ ಇರಲೇ ಇಲ್ಲ. ಅಜ್ಜನ ಎದುರಿಗೆ ಇದ್ದದ್ದು ಹೊಸಮನೆ. ಅದರೊಡನೆ ಅವನಿಗೆ ಜಗಳವಿರಲಿಲ್ಲ.

ಚಿಕ್ಕವ್ವ ಹೊಸಿಲಿನಿಂದ ಒಂದೊಂದೇ ಹೇಳುತ್ತಿದ್ದಳು, ನಾನು ಅಡಿಕೆ ಸರಿಸುತ್ತಿದ್ದೆ. ಇಬ್ಬರು ಎದುರುಬದುರಾದದ್ದು ಒಟ್ಟು ನಲವತ್ತಮೂರು ಸಲ. ಎಲ್ಲರೂ ಎಲ್ಲರ ಜೊತೆ ವಾದಿಸಿದ್ದರೆ ನೂರ ಇಪ್ಪತ್ತು ಜಗಳವಾಗುತ್ತಿತ್ತು. ಇದನ್ನು ಆಮೇಲೆ ಲೆಕ್ಕ ಹಾಕಿದೆ.

ಕೊನೆಯ ಸಾಲು ನಿಂತಾಗ ಅಜ್ಜ ಕತ್ತು ಚಾಚಿ ಮುಂದೆ ನೋಡಿದ. ಗಾಣದವರ ಮುಂದೆ ಬಾವಿಮನೆಯವರ ಪೇಟ ಕಾಣಿಸಿತು. ಅವನ ಬಾಯಿ ತೆರೆಯಿತು. ನಾನು ಮಣೆಯ ಅಂಚನ್ನು ಹಿಡಿದುಕೊಂಡೆ. ಮಾವ ಅವನ ಹತ್ತಿರ ಹೋದರು.

"ನಿನ್ನ ಮುಂದೆ ಯಾರವ್ರಜ್ಜ?"

"ಗಾಣದೋನು."

"ಅವನು ನಿನಗಿಂತ ಮುಂದೆ ಅಂತ ಒಪ್ದೋರು ಯಾರು?"

"ನಾನೇ ಒಪ್ದೆ."

"ಅವನ ಮುಂದಿರೋರ್ನ ಅವನು ಒಪ್ಪವ್ನೆ. ಇನ್ನೇನು ನಿಂದು?"

ಅಜ್ಜ ಒಮ್ಮೆ ಗಾಣದವರ ಬೆನ್ನು ನೋಡಿದ. ಆಮೇಲೆ ಟವಲು ಹೆಗಲಿಗೆ ಹಾಕಿಕೊಂಡ. "ಬಸ್ಸಾದ್ರೂ ಇದ್ದಿದ್ರೆ ಹೋಗ್ಬುಡ್ತಿದ್ದೆ" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಅವನ ಸರದಿ ಬಂದಾಗ ಎರಡೂ ಕೈ ಒಡ್ಡಿ ಎಲೆ ಇಸಕೊಂಡ.

ಹದಿನಾರನೇ ವೀಳ್ಯ ಮುಗಿದ ಕೂಡಲೇ ಓಲಗ ಶುರುವಾಯಿತು. ಬಾಗಿಲು ತೆರೆದರು. ಚಿಕ್ಕವ್ವ ನನ್ನ ಸೆರಗು ಸರಿಮಾಡುತ್ತಾ ಅಳುತ್ತಿದ್ದಳು. ಅಡಿಕೆಗಳನ್ನು ತಟ್ಟೆಗೆ ಹಾಕಿ ಎದ್ದೆ. ಲಗ್ನ ಮೀರಿರಲಿಲ್ಲ.

ದೀಪಾವಳಿಗೆ ತವರಿಗೆ ಹೋದಾಗ ಚಿಕ್ಕವ್ವ ಒಂದು ಸುದ್ದಿ ಹೇಳಿದಳು. ನನ್ನ ಮದುವೆಯ ನಂತರ ಇನ್ನೊಂದು ಮದುವೆಯಲ್ಲಿ ಹದಿನಾರು ಮನೆಯೂ ಸೇರಿದ್ದವಂತೆ. ಸಾಲು ಕೂಗಿದವನು ಹುಣಸೆಮರದ ಅಜ್ಜನೇ. ಕಣ್ಣು ಮುಚ್ಚಿಕೊಂಡು, ನಾವು ಅವತ್ತು ಮಾಡಿದ ಸಾಲನ್ನೇ ಒಂದೂ ತಪ್ಪದೆ ಕೂಗಿ, "ನಮ್ ತಾತನ ಕಾಲ್ದಿಂದ್ಲೂ ಇದೇ ಕಣ್ರಪ್ಪ" ಎಂದನಂತೆ. ಚಿಕ್ಕವ್ವ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಅಷ್ಟು ನಗು ಬರಲಿಲ್ಲ. ನಾನು ಹುಣಸೆಮರದ ಮನೆಯನ್ನು ಮೊದಲು ಬಾವಿಮನೆಯ ಜೊತೆ ಜೋಡಿ ಮಾಡಿದ್ದರೆ, ಹೊಸೂರಿನ ಮಾತೇ ನಿಂತು, ಅಜ್ಜ ಮೂವರಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತಿರಲಿಲ್ಲ, ಗಾಣದವರು ತಲೆಗೆ ಬರುತ್ತಿದ್ದರು. ಅದನ್ನೂ ಇದೇ ಕಟ್ಟಿನಿಂದ ಎಲ್ಲರೂ ಒಪ್ಪುತ್ತಿದ್ದರು. ಅದನ್ನೂ ತಾತನ ಕಾಲದ್ದು ಎನ್ನುತ್ತಿದ್ದರು.

ಈ ಮನೆಯಲ್ಲಿ ನಾವು ನಾಲ್ವರು ಸೊಸೆಯರು. ನಾನು ಕೊನೆಯವಳು. ನೀರು ಸೇದುವುದು, ಉಣ್ಣುವುದು, ಎಣ್ಣೆನೀರು, ಎಲ್ಲಕ್ಕೂ ಸಾಲಿದೆ. ನನ್ನ ಸರದಿ ಬರುವ ಹೊತ್ತಿಗೆ ಬಾವಿಯಲ್ಲಿ ಮೂವರ ಕೊಡ ಇಳಿದು ಹತ್ತಿ, ನೀರು ಕದಡಿ ತಗ್ಗಿರುತ್ತದೆ. ಆಗ ಮೆಟ್ಟಿಲು ಎಣಿಸಿದರೆ ಅದು ಸುಳ್ಳು ಲೆಕ್ಕ. ಒಂದು ದಿನ ನನ್ನ ಮುಂದಿನ ಅಕ್ಕನನ್ನು ಕೇಳಿದೆ. "ಅಕ್ಕ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಂದು ಸಲ ಬಾವಿ ನೋಡಿ ಬರಲಾ? ನೀರು ಸೇದಲ್ಲ."

"ನಂದೇನೈತಮ್ಮಿ, ನನ್ನ ಮುಂದೆ ನಡುವಿನಕ್ಕ ಅವ್ರೆ. ಅವರ್ನ ಕೇಳು."

ನಡುವಿನಕ್ಕ ದೊಡ್ಡಕ್ಕನನ್ನು ತೋರಿಸಿದರು. ದೊಡ್ಡಕ್ಕ ಅತ್ತೆಯವರನ್ನು ತೋರಿಸಿದರು. ಅತ್ತೆಯವರನ್ನು ನಾನು ನೇರವಾಗಿ ಕೇಳುವಂತಿಲ್ಲ, ನಡುವೆ ಮೂವರಿದ್ದಾರೆ. ನನ್ನ ಮುಂದಿನವರನ್ನು ನಾನು ಒಪ್ಪಿಕೊಂಡಿದ್ದೇನೆ. ಅವರ ಮುಂದಿನವರನ್ನು ಅವರು ಒಪ್ಪಿಕೊಂಡಿದ್ದಾರೆ. ಯಾರ ಮೇಲೂ ದೂರು ಹೇಳಲು ಜಾಗವಿಲ್ಲ. ನಾನು ಕಿಟಕಿಯಿಂದ ಅಪ್ಪನಿಗೆ ಹೇಳಿದ ಕಟ್ಟು ಅದೇ. ಮೇ ತಿಂಗಳಿನಿಂದ ನನ್ನ ದಿನಚರಿಯಲ್ಲಿ ಬಾವಿಯ ಜಾಗ ಖಾಲಿ ಬಿಟ್ಟಿದ್ದೇನೆ. ಮಿಕ್ಕದ್ದನ್ನು ಬರೆಯುತ್ತೇನೆ.

ಅತ್ತೆಯವರು ಮಗ್ಗುಲು ಬದಲಾಯಿಸಿದ ಸದ್ದು ಕೇಳಿಸಿತು. ಈ ಪತ್ರಿಕೆಯನ್ನು ಓದುವವರಲ್ಲಿ ಲೆಕ್ಕ ಕಲಿತವರು ಇರುತ್ತಾರೆ, ಬೇರೆ ಬೇರೆ ಕುಲದ ವೀಳ್ಯದ ಪದ್ಧತಿ ಬಲ್ಲವರೂ ಇರುತ್ತಾರೆ. ತುದಿಯವರನ್ನು ಮಾತ್ರ ನೋಡಿ ಎರಡು ಸಾಲನ್ನು ಒಂದು ಮಾಡುವ ಈ ಕ್ರಮಕ್ಕೆ ಎಲ್ಲಾದರೂ ಹೆಸರಿದೆಯೇ? ನಲವತ್ತಮೂರಕ್ಕಿಂತ ಕಡಿಮೆ ಮಾತಿನಲ್ಲಿ ಮುಗಿಸುವ ಬಗೆ ಇದೆಯೇ? ಮೂರು ಮನೆಗಳು ಒಂದರ ಬೆನ್ನು ಒಂದು ಹಿಡಿದು ಸುತ್ತುತ್ತಿದ್ದರೆ, ಸಾಲು ನಿಲ್ಲಿಸುವ ಮುಂಚೆಯೇ ಅದನ್ನು ಕಂಡುಹಿಡಿಯಲು ಬರುತ್ತದೆಯೇ? ತಿಳಿದವರು ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಬೇಕು. ನನಗೇ ನೇರವಾಗಿ ಬರೆಯುವುದು ಬೇಡ. ಈ ಮನೆಯಲ್ಲಿ ಕಾಗದ ನನ್ನ ಕೈಗೆ ಬರುವುದೂ ಸರದಿಯ ಪ್ರಕಾರವೇ.